ಬೀದಿಗೆ ಹೆಸರಿಲ್ಲದ ಊರಲ್ಲೊಂದು ವಿಳಾಸ

ನರಿತಾದಲ್ಲೋ ಹನೇದಾದಲ್ಲೋ ವಿಮಾನ ಇಳಿದು ವಲಸೆ ಅಧಿಕಾರಿಯ ಮುಂದೆ ನಿಂತವರನ್ನು ಜಪಾನ್ ಸರ್ಕಾರ ಹೆಚ್ಚು ಹೊತ್ತು ಕಾಯಿಸುವುದಿಲ್ಲ. ಕೆಲಸದ ವೀಸಾ ಹಿಡಿದು ಬಂದವರಿಗೆ ಅಲ್ಲೇ, ಆಗಲೇ ಒಂದು ಕಾರ್ಡ್ ಅಚ್ಚಾಗಿ ಕೈಗೆ ಬರುತ್ತದೆ. ಅದರ ಹೆಸರು ಝೈರ್ಯೂ ಕಾರ್ಡ್, ಅಂದರೆ ನಿವಾಸ ಪತ್ರ. 2012ರ ಜುಲೈನಲ್ಲಿ ಶುರುವಾದ ಪದ್ಧತಿ ಇದು. ಮುಂಭಾಗದಲ್ಲಿ ಹೆಸರು, ಫೋಟೊ, ಯಾವ ಕೆಲಸಕ್ಕೆ ಬಂದಿದ್ದೀರಿ, ಎಲ್ಲಿಯವರೆಗೆ ಇರಬಹುದು ಎಂಬುದೆಲ್ಲ ಇರುತ್ತದೆ. ಹದಿನಾರು ದಾಟಿದವರು ಮನೆಯಿಂದ ಹೊರಬಿದ್ದಾಗಲೆಲ್ಲ ಇದನ್ನು ಜೇಬಿನಲ್ಲಿ ಇಟ್ಟುಕೊಂಡಿರಲೇಬೇಕು. ಕಾರ್ಡಿನ ಹಿಂಭಾಗದಲ್ಲಿ ವಿಳಾಸಕ್ಕೆಂದು ಬಿಟ್ಟ ಜಾಗ ಮಾತ್ರ ಖಾಲಿ. ಟೋಕಿಯೋಗೆ ಹೊಸದಾಗಿ ಬಂದವರ ಮೊದಲ ಕೆಲವು ವಾರಗಳನ್ನು ನುಂಗುವುದು ಆ ಖಾಲಿ ಜಾಗವೇ.

ಮನೆ ಗೊತ್ತಾಗಿ ಅಲ್ಲಿ ವಾಸ ಶುರುಮಾಡಿದ 14 ದಿನಗಳೊಳಗೆ ಆ ಭಾಗದ ವಾರ್ಡ್ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಟೋಕಿಯೋ ನಗರದ ತಿರುಳು 23 ವಾರ್ಡ್‌ಗಳು. ವಾರ್ಡ್ ಎಂದಾಗ ನಮ್ಮ ಪಾಲಿಕೆಯ ವಾರ್ಡ್‌ಗಳನ್ನು ನೆನೆಯಬೇಡಿ. ಇವು ಸ್ವಂತ ಮೇಯರ್, ಸ್ವಂತ ಸಭೆ ಇರುವ, ಒಂದೊಂದೂ ಒಂದು ಊರಿನಷ್ಟು ದೊಡ್ಡ ಘಟಕಗಳು. ಟೋಕನ್ ತೆಗೆದುಕೊಂಡು ಕುಳಿತರೆ ಸರದಿ ಬಂದಾಗ ಕರೆಯುತ್ತಾರೆ. ಗುಮಾಸ್ತರು ಕಾರ್ಡಿನ ಬೆನ್ನ ಮೇಲೆ ವಿಳಾಸ ನಮೂದಿಸಿ ವಾಪಸು ಕೊಡುತ್ತಾರೆ. ಅದಾದ ಮೇಲೆ ಜೂಮಿನ್‌ಹ್ಯೋ ಎಂಬ ನಿವಾಸ ಪ್ರಮಾಣಪತ್ರ ಸಿಗುತ್ತದೆ. ಕೆಲವು ವಾರಗಳಲ್ಲಿ 12 ಅಂಕಿಗಳ ‘ಮೈ ನಂಬರ್’ ಅಂಚೆಯಲ್ಲಿ ಮನೆಗೆ ಬರುತ್ತದೆ. ಆರೋಗ್ಯ ವಿಮೆ, ಪಿಂಚಣಿ, ತೆರಿಗೆ, ಮಗುವಿನ ಶಾಲೆ ಎಲ್ಲವೂ ಈ ಒಂದು ನೋಂದಣಿಯಿಂದ ಕವಲೊಡೆಯುವ ದಾರಿಗಳು. ಟೋಕಿಯೋದಲ್ಲಿ ಮನುಷ್ಯ ಮೊದಲು ವಿಳಾಸ, ಆಮೇಲೆ ವ್ಯಕ್ತಿ.

ಆ ವಿಳಾಸವೇ ವಿಚಿತ್ರ. ಒಂದಷ್ಟು ಹೆದ್ದಾರಿಗಳನ್ನು ಬಿಟ್ಟರೆ ಟೋಕಿಯೋದ ಬೀದಿಗಳಿಗೆ ಹೆಸರಿಲ್ಲ. ಬಡಾವಣೆಯನ್ನು ಚೋಮೆ ಎಂಬ ಭಾಗಗಳಾಗಿ, ಚೋಮೆಯನ್ನು ಬ್ಲಾಕ್‌ಗಳಾಗಿ ಒಡೆದು, ಬ್ಲಾಕಿನ ಸುತ್ತ ಕಟ್ಟಡಗಳಿಗೆ ಸಂಖ್ಯೆ ಹಾಕುತ್ತಾರೆ. ಹೆಸರು ಇರುವುದು ಜಾಗಕ್ಕೆ, ಆ ಜಾಗಗಳ ನಡುವೆ ಉಳಿದ ಖಾಲಿಯೇ ಬೀದಿ. 1962ರ ಕಾನೂನೊಂದು ಈ ಸಂಖ್ಯೆಗಳನ್ನು ಒಂದು ಕ್ರಮಕ್ಕೆ ತಂದಿತು. ಅದಕ್ಕೂ ಮುಂಚೆ ಜಮೀನು ನೋಂದಣಿಯ ಸಂಖ್ಯೆಯೇ ವಿಳಾಸವಾಗಿದ್ದರಿಂದ 3ರ ಪಕ್ಕ 47 ಇದ್ದರೂ ಆಶ್ಚರ್ಯವಿರಲಿಲ್ಲ. ಮೂಲೆಮೂಲೆಯಲ್ಲಿ ಕೋಬಾನ್ ಎಂಬ ಪುಟ್ಟ ಪೊಲೀಸ್ ಚೌಕಿಗಳಿದ್ದು, ಅಲ್ಲಿ ಗೋಡೆಗೆ ಪ್ರದೇಶದ ನಕ್ಷೆ ತೂಗುಹಾಕಿರುತ್ತಾರೆ. ದಾರಿ ತಪ್ಪಿದವರಿಗೆ ದಾರಿ ತೋರುವುದು ಅಲ್ಲಿನ ಪೊಲೀಸರ ನಿತ್ಯದ ಕೆಲಸ. ಈಗ ಫೋನಿನಲ್ಲಿ ನಕ್ಷೆ ಇರುವುದರಿಂದ ಈ ಕಷ್ಟ ಅರ್ಧಕ್ಕರ್ಧ ಇಳಿದಿದೆ.

ಇಳಿಯದ ಕಷ್ಟ ಇನ್ನೊಂದಿದೆ. ಮನೆ ಬಾಡಿಗೆಗೆ ಬೇಕೆಂದರೆ ಜಪಾನಿನ ಫೋನ್ ನಂಬರ್ ಕೇಳುತ್ತಾರೆ. ಫೋನ್ ಬೇಕೆಂದರೆ ಬ್ಯಾಂಕ್ ಖಾತೆ ಅಥವಾ ಕ್ರೆಡಿಟ್ ಕಾರ್ಡ್ ತೋರಿಸಬೇಕು. ಖಾತೆ ತೆರೆಯಲು ಹೋದರೆ ವಿಳಾಸ ಮತ್ತು ಫೋನ್ ಎರಡೂ ಬೇಕು. ಬಂದು ಆರು ತಿಂಗಳಾಗದವರನ್ನು ವಿದೇಶಿ ವಿನಿಮಯ ಕಾನೂನಿನ ಪ್ರಕಾರ ‘ಅನಿವಾಸಿ’ ಎಂದೇ ಎಣಿಸುವ ಬ್ಯಾಂಕ್‌ಗಳೂ ಇವೆ. ಇಲ್ಲೇ ಕೆಲಸಕ್ಕಿದ್ದೇನೆ ಎಂಬ ಪತ್ರವನ್ನು ಕಂಪನಿಯಿಂದ ತಂದವರಿಗೆ ಬಾಗಿಲು ತೆರೆಯುತ್ತದೆ. ಅಂಚೆ ಬ್ಯಾಂಕು ಮೊದಲಿನಿಂದಲೂ ಹೊಸಬರಿಗೆ ತುಸು ಉದಾರಿ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕು. ಕಂಪನಿಯ ಅತಿಥಿಗೃಹದ ವಿಳಾಸವನ್ನೋ, ತಿಂಗಳ ಲೆಕ್ಕದಲ್ಲಿ ಸಿಗುವ ಸಜ್ಜಿತ ಕೋಣೆಯ ವಿಳಾಸವನ್ನೋ ಮೊದಲು ನೋಂದಾಯಿಸಿ, ಅದರ ಬಲದಿಂದ ಫೋನು, ಫೋನಿನ ಬಲದಿಂದ ಖಾತೆ, ಖಾತೆಯ ಬಲದಿಂದ ನಿಜವಾದ ಮನೆ ಎಂದು ಮೆಟ್ಟಿಲು ಹತ್ತುವುದು ಬಲ್ಲವರ ದಾರಿ.

ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ: ಹೆಸರು. ಜಪಾನಿನ ಅರ್ಜಿಗಳಲ್ಲಿ ಮೊದಲು ಮನೆತನದ ಹೆಸರು, ಆಮೇಲೆ ಸ್ವಂತ ಹೆಸರು. ಬಹುತೇಕ ಜಪಾನೀಯರ ಪೂರ್ಣ ಹೆಸರು ನಾಲ್ಕೈದು ಅಕ್ಷರದಲ್ಲಿ ಮುಗಿಯುವುದರಿಂದ ಚೌಕಗಳೂ ಅಷ್ಟಕ್ಕೇ. ನಮ್ಮಲ್ಲೋ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ತಂದೆಯ ಹೆಸರು ಎಲ್ಲ ಬಿಡಿಸಿ ಬರೆಸಿಕೊಂಡವರು ಒಂದು ಕಡೆ, ಮನೆತನದ ಹೆಸರಿನ ಜಾಗವನ್ನು ಖಾಲಿ ಬಿಟ್ಟವರು ಇನ್ನೊಂದು ಕಡೆ. ಕಾರ್ಡಿನಲ್ಲಿ ಹೆಸರು ಪಾಸ್‌ಪೋರ್ಟಿನಂತೆ ರೋಮನ್ ಅಕ್ಷರದಲ್ಲಿ, ಬ್ಯಾಂಕಿನಲ್ಲಿ ಕತಕಾನ ಲಿಪಿಯಲ್ಲಿ. ಆ ಲಿಪಿಯಲ್ಲಿ ‘ಲ’ಕಾರ ‘ರ’ಕಾರಗಳಿಗೆ ಒಂದೇ ಅಕ್ಷರ, ಒತ್ತಕ್ಷರ ಬಿಚ್ಚಿಕೊಳ್ಳುತ್ತದೆ. ಮಲ್ಲಿಕಾರ್ಜುನ ಅಲ್ಲಿ ‘ಮರ್ರಿಕಾರುಜುನ’. ಬ್ಯಾಂಕಿನವರು ಒಂದು ರೀತಿ, ಫೋನಿನವರು ಇನ್ನೊಂದು ರೀತಿ ಬರೆದುಕೊಂಡರೆ ತಿಂಗಳ ಬಿಲ್ಲು ಖಾತೆಯಿಂದ ಕಡಿತವಾಗದೆ ನಿಂತುಬಿಡುತ್ತದೆ. ಮೊದಲ ದಿನವೇ ಕತಕಾನದಲ್ಲಿ ಹೆಸರು ಹೀಗೆಯೇ ಎಂದು ನಿರ್ಧರಿಸಿ, ಚೀಟಿಯಲ್ಲಿ ಬರೆದಿಟ್ಟುಕೊಂಡು, ಎಲ್ಲ ಕಡೆ ಅದನ್ನೇ ನಕಲು ಮಾಡುವುದು ಜಾಣತನ.

ಇನ್ನು ಮನೆಯ ವಿಷಯ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿನ ನಿಜವಾದ ಅರ್ಥ ಹೊಳೆಯುವುದು ಟೋಕಿಯೋದ ಬಾಡಿಗೆ ಏಜೆನ್ಸಿಯ ಕುರ್ಚಿಯಲ್ಲಿ ಕುಳಿತಾಗ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದ ಬೆಂಗಳೂರಿನವರಿಗೆ ಇಲ್ಲಿನ ಠೇವಣಿ ದೊಡ್ಡದೆನಿಸುವುದಿಲ್ಲ. ಶಿಕಿಕಿನ್ ಎಂಬ ಠೇವಣಿ ಒಂದೋ ಎರಡೋ ತಿಂಗಳ ಬಾಡಿಗೆ, ಅಷ್ಟೆ. ಎದೆಗೆ ನಾಟುವುದು ರೇಕಿನ್. ಮನೆ ಕೊಟ್ಟಿದ್ದಕ್ಕೆ ಮಾಲೀಕರಿಗೆ ಸಲ್ಲಿಸುವ ಈ ಕೃತಜ್ಞತೆಯ ಹಣ ವಾಪಸು ಬರುವುದಿಲ್ಲ. ಲೆಕ್ಕ ಹಾಕೋಣ. ತಿಂಗಳ ಬಾಡಿಗೆ 1,20,000 ಯೆನ್ ಎಂದುಕೊಳ್ಳಿ. ಠೇವಣಿ ಒಂದು ತಿಂಗಳು, ರೇಕಿನ್ ಒಂದು ತಿಂಗಳು, ಏಜೆನ್ಸಿಗೆ ಒಂದು ತಿಂಗಳು ಮತ್ತು ತೆರಿಗೆ, ಜಾಮೀನು ಕಂಪನಿಗೆ ಅರ್ಧ ತಿಂಗಳು, ಮೊದಲ ತಿಂಗಳ ಬಾಡಿಗೆ, ಬೆಂಕಿ ವಿಮೆ, ಬೀಗ ಬದಲಿಸುವ ಖರ್ಚು. ಬೀಗದ ಕೈ ಕೈಗೆ ಬರುವಷ್ಟರಲ್ಲಿ ಸುಮಾರು ಆರು ಲಕ್ಷ ಯೆನ್ ಹೊರಟಿರುತ್ತದೆ. ಒಳಗೆ ಕಾಲಿಟ್ಟರೆ ಕತ್ತಲು, ಏಕೆಂದರೆ ಸೂರಿಗೆ ದೀಪ ಹಾಕಿಕೊಳ್ಳುವುದು ಬಾಡಿಗೆದಾರರ ಕೆಲಸ. ಪರದೆಯೂ ನಿಮ್ಮದೇ, ಅನೇಕ ಕಡೆ ಗ್ಯಾಸ್ ಒಲೆಯೂ. ಗ್ಯಾಸ್ ಹರಿಸಲು ಕಂಪನಿಯವರು ಬಂದು ನಿಮ್ಮ ಎದುರಿಗೇ ಪರೀಕ್ಷಿಸಬೇಕು. ಅದಕ್ಕೆ ಮುಂಗಡವಾಗಿ ದಿನ ಗೊತ್ತುಮಾಡಿಕೊಂಡಿರದಿದ್ದರೆ ಮೊದಲ ರಾತ್ರಿ ತಣ್ಣೀರ ಸ್ನಾನ. ಎರಡು ವರ್ಷ ಮುಗಿದು ಕರಾರು ಮುಂದುವರಿಸಲು ಮತ್ತೊಂದು ತಿಂಗಳ ಬಾಡಿಗೆ ಕೇಳುವುದೂ ವಾಡಿಕೆ.

ಹಣ ಹೊಂದಿಸಬಹುದು. ಹೊಂದಿಸಲಾಗದ್ದು ಜಾಮೀನುದಾರ. ನೀವು ಬಾಡಿಗೆ ಕೊಡದಿದ್ದರೆ ನಾನು ಕೊಡುತ್ತೇನೆ ಎಂದು ಬರೆದುಕೊಡುವ ಒಬ್ಬ ಮನುಷ್ಯ ಬೇಕು. ಜಪಾನೀಯ ಯುವಕರಿಗೆ ತಂದೆಯೋ ಅಣ್ಣನೋ ಇರುತ್ತಾರೆ, ನಿನ್ನೆ ಬಂದಿಳಿದವರಿಗೆ ಯಾರು? ಈಗ ಆ ಜಾಗದಲ್ಲಿ ಜಾಮೀನು ಕಂಪನಿಗಳು ನಿಂತಿವೆ, ಶುಲ್ಕ ಕೊಟ್ಟರಾಯಿತು. ಹಾಗಿದ್ದೂ ತುರ್ತು ಸಂಪರ್ಕಕ್ಕೆ ಜಪಾನಿನಲ್ಲೇ ಇರುವ ಒಬ್ಬರ ಹೆಸರು ಬೇಕೆನ್ನುತ್ತಾರೆ. ಎಲ್ಲ ಕಾಗದ ಸರಿಯಿದ್ದರೂ ವಿದೇಶೀಯರಿಗೆ ಕೊಡುವುದಿಲ್ಲ ಎನ್ನುವ ಮಾಲೀಕರಿದ್ದಾರೆ. ಜಪಾನಿನ ನ್ಯಾಯ ಸಚಿವಾಲಯ ವಿದೇಶಿ ನಿವಾಸಿಗಳ ಸಮೀಕ್ಷೆ ಮಾಡಿಸಿ 2017ರಲ್ಲಿ ಪ್ರಕಟಿಸಿದಾಗ, ಹಿಂದಿನ ಐದು ವರ್ಷಗಳಲ್ಲಿ ಮನೆ ಹುಡುಕಿದವರ ಪೈಕಿ ಶೇ 39ರಷ್ಟು ಮಂದಿ ವಿದೇಶೀಯರೆಂಬ ಕಾರಣಕ್ಕೆ ಮನೆ ನಿರಾಕರಿಸಲ್ಪಟ್ಟಿದ್ದರು. ಜಾತಿ ಕೇಳಿ, ಮಾಂಸ ಬೇಯಿಸುತ್ತೀರಾ ಎಂದು ಕೇಳಿ ಬಾಡಿಗೆ ಕೊಡುವ ಊರುಗಳಿಂದ ಹೋದ ನಮಗೆ ಇದನ್ನು ಕಂಡು ಹೌಹಾರುವ ಹಕ್ಕು ಎಷ್ಟಿದೆಯೋ ನಾನರಿಯೆ. ಆದರೆ ಬಾಗಿಲ ಆಚೆ ನಿಂತವರಿಗೆ ಬಾಗಿಲು ಎಲ್ಲಿದ್ದರೂ ಬಾಗಿಲೇ.

ನಮ್ಮ ಊರುಗಳಲ್ಲಿ ಕೆಲಸ ಆಗುವುದು ಪರಿಚಯದಿಂದ. ಸಿಲಿಂಡರಿನಿಂದ ಹಿಡಿದು ಶಾಲೆಯ ಸೀಟಿನವರೆಗೆ ‘ಅಲ್ಲಿ ನಮ್ಮವರೊಬ್ಬರು ಇದ್ದಾರೆ’ ಎಂಬುದೇ ಚಾಲಕಶಕ್ತಿ. ಟೋಕಿಯೋದ ಕಚೇರಿಗಳಲ್ಲಿ ಅದು ಬೇಕಿಲ್ಲ. ಸರಿಯಾದ ಕಾಗದ ಕೊಟ್ಟರೆ ಕೆಲಸ ಆಗುತ್ತದೆ, ಒಂದು ಕಾಗದ ಕಡಿಮೆಯಿದ್ದರೆ ಯಾರು ಹೇಳಿದರೂ ಆಗುವುದಿಲ್ಲ. ಮೊದಲ ತಿಂಗಳು ಇದು ಸ್ವರ್ಗ ಎನಿಸುತ್ತದೆ. ಆದರೆ ಇಷ್ಟೆಲ್ಲ ಕಾಗದದ ಮೇಲೆ ನಡೆಯುವ ನಗರವೂ ಮನೆಯ ಬಾಗಿಲಿಗೆ ಬಂದಾಗ ಥಟ್ಟನೆ ತಿರುಗಿ, ನಿಮ್ಮನ್ನು ಬಲ್ಲವರು ಯಾರಿದ್ದಾರೆ ಎಂದು ಕೇಳಿಬಿಡುತ್ತದೆ. ಟೋಕಿಯೋದಲ್ಲಿ ಭಾರತೀಯರು ಎಲ್ಲಿ ನೆಲೆಸಿದರು ಎಂಬುದಕ್ಕೆ ಈ ಒಂದು ಪ್ರಶ್ನೆಯಲ್ಲೇ ಉತ್ತರವಿದೆ.

ನಗರದ ಪೂರ್ವ ಅಂಚಿನ ಎದೊಗಾವಾ ವಾರ್ಡಿನ ನಿಶಿ-ಕಸಾಯ್ ಬಡಾವಣೆಯನ್ನು ಟೋಕಿಯೋದ ಪುಟ್ಟ ಭಾರತ ಎನ್ನುತ್ತಾರೆ. ಒಂದು ಕಾಲಕ್ಕೆ ನೋರಿ ಎಂಬ ಕಡಲಪಾಚಿ ಬೆಳೆಯುತ್ತಿದ್ದ ಕರಾವಳಿ ಇದು. ಸಮುದ್ರಕ್ಕೆ ಮಣ್ಣು ತುಂಬಿ ವಿಸ್ತರಿಸಿದ ಭೂಮಿಯೂ ಇದರಲ್ಲಿ ಸೇರಿದೆ. 1979ರಲ್ಲಿ ಇಲ್ಲಿ ತೋಝಾಯ್ ಮೆಟ್ರೊ ಮಾರ್ಗದ ನಿಲ್ದಾಣ ತೆರೆಯಿತು. ಇಲ್ಲಿ ಹತ್ತಿದರೆ ಇಪ್ಪತ್ತು ನಿಮಿಷದೊಳಗೆ ಬ್ಯಾಂಕ್‌ಗಳೂ ಷೇರು ಕಂಪನಿಗಳೂ ತುಂಬಿದ ಕಾಯಾಬಾಚೊ, ನಿಹೊಂಬಾಶಿ, ಓತೆಮಾಚಿ. ಶತಮಾನ ತಿರುಗುವಾಗ ಕಂಪ್ಯೂಟರ್‌ಗಳು ವರ್ಷದ ಎರಡು ಅಂಕಿಗಳಲ್ಲಿ ಎಡವಿಬೀಳುತ್ತವೆ ಎಂಬ ‘ವೈ2ಕೆ’ ಭಯ ಹಬ್ಬಿದಾಗ, ಅವೇ ಬ್ಯಾಂಕ್‌ಗಳ ಹಳೆಯ ಪ್ರೋಗ್ರಾಮುಗಳನ್ನು ತಿದ್ದಲು ಭಾರತದ ಎಂಜಿನಿಯರ್‌ಗಳು ಬಂದರು. 2000ದ ಆಗಸ್ಟ್‌ನಲ್ಲಿ ಭಾರತಕ್ಕೆ ಬಂದ ಜಪಾನ್ ಪ್ರಧಾನಿ ಯೋಶಿರೊ ಮೋರಿ ಬೆಂಗಳೂರಿಗೂ ಬಂದು ಹೋದರು. ಐಟಿ ನೌಕರರಿಗೆ ವೀಸಾದ ದಾರಿ ಆ ಬಳಿಕ ಇನ್ನಷ್ಟು ಸಲೀಸಾಯಿತು.

ಕೆಲಸ ಸಿಕ್ಕಿತು, ಮೆಟ್ರೊ ಇತ್ತು. ಮನೆ? ನಿಶಿ-ಕಸಾಯ್‌ನಲ್ಲಿ ದಾಂಚಿ ಎಂಬ ಸಾಲುಸಾಲು ವಸತಿ ಸಮುಚ್ಚಯಗಳಿದ್ದವು. ಯುದ್ಧಾನಂತರ ಹಳ್ಳಿಗಳಿಂದ ನಗರಕ್ಕೆ ಬಂದ ಜಪಾನೀಯರಿಗಾಗಿ 1955ರಲ್ಲಿ ಸ್ಥಾಪಿಸಿದ ಸರ್ಕಾರಿ ವಸತಿ ನಿಗಮದ ಪರಂಪರೆಯ ಕಟ್ಟಡಗಳು ಇವು. ಆ ನಿಗಮದ ಇಂದಿನ ರೂಪ ಯುಆರ್. ಇದರ ಮನೆಗಳಿಗೆ ರೇಕಿನ್ ಇಲ್ಲ, ಏಜೆನ್ಸಿ ಶುಲ್ಕ ಇಲ್ಲ, ನವೀಕರಣ ಶುಲ್ಕ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಜಾಮೀನುದಾರ ಬೇಕಿಲ್ಲ. ಇಂತಿಷ್ಟು ಆದಾಯ ಅಥವಾ ಉಳಿತಾಯ ತೋರಿಸಿ, ನಿವಾಸ ಪತ್ರ ಸರಿಯಿದ್ದರೆ ಮೊದಲು ಬಂದವರಿಗೆ ಮೊದಲು ಮನೆ. ಬಲ್ಲವರಿಲ್ಲದೆ ಸಿಗುವ ಮನೆಗಳಿಗೆ ಯಾರ ಬಲವೂ ಇಲ್ಲದವರು ಬಂದರು. ಅವರ ಹಿಂದೆ ಬೇಳೆ-ಅಕ್ಕಿಯ ಅಂಗಡಿ ಬಂತು, ಹೋಟೆಲ್ ಬಂತು. 2004ರಲ್ಲಿ ಪಕ್ಕದ ಕೋತೊ ವಾರ್ಡಿನಲ್ಲೂ 2006ರಲ್ಲಿ ಎದೊಗಾವಾದಲ್ಲೂ ಭಾರತೀಯ ಪಠ್ಯಕ್ರಮದ ಶಾಲೆಗಳು ತೆರೆದವು. ಶಾಲೆ ಬಂದ ಮೇಲೆ ಹೆಂಡತಿ ಮಕ್ಕಳೂ ಬಂದರು. ಜಪಾನಿನಲ್ಲಿ ಈಗ ಐವತ್ತು ಸಾವಿರಕ್ಕೂ ಹೆಚ್ಚು ಭಾರತೀಯರಿದ್ದಾರೆ, ಟೋಕಿಯೋದ ವಾರ್ಡ್‌ಗಳ ಪೈಕಿ ಅವರು ಅತಿ ಹೆಚ್ಚಿರುವುದು ಎದೊಗಾವಾದಲ್ಲೇ. 2019ರ ಏಪ್ರಿಲ್‌ನಲ್ಲಿ ಈ ವಾರ್ಡಿನ ಸಭೆಗೆ ಭಾರತದಲ್ಲಿ ಹುಟ್ಟಿ ಜಪಾನಿನ ಪೌರತ್ವ ಪಡೆದ ಪುರಾಣಿಕ್ ಯೋಗೇಂದ್ರ ಆಯ್ಕೆಯಾದರು. 2024ರ ಜುಲೈನಲ್ಲಿ ವಿದೇಶಾಂಗ ಸಚಿವ ಎಸ್. ಜೈಶಂಕರ್ ಇಲ್ಲೇ ಗಾಂಧೀಜಿಯ ಪ್ರತಿಮೆ ಅನಾವರಣ ಮಾಡಿದರು. ಇದೆಲ್ಲದರ ಬುಡದಲ್ಲಿ ಇರುವುದು ಬಾಡಿಗೆ ಕರಾರಿನಲ್ಲಿ ಇಲ್ಲದ ಒಂದು ಷರತ್ತು.

ಮನೆ ಸೇರಿದ ಹೊಸಬರ ಕೈಗೆ ವಾರ್ಡ್ ಕಚೇರಿ ಕೊಡುವ ಕಾಗದಗಳಲ್ಲಿ ಅತ್ಯಂತ ಗಂಭೀರವಾದುದು ಕಸದ ಕ್ಯಾಲೆಂಡರ್. ಸುಡುವ ಕಸ ಸಾಮಾನ್ಯವಾಗಿ ವಾರಕ್ಕೆ ಎರಡು ದಿನ, ಸುಡದ ಕಸ ತಿಂಗಳಿಗೆ ಎರಡು ದಿನ, ಬಾಟಲಿ, ಡಬ್ಬಿ, ರಟ್ಟು, ಹಳೆ ಪೇಪರಿಗೆ ಬೇರೆ ದಿನ. ಬೆಳಿಗ್ಗೆ ಎಂಟರೊಳಗೆ ಇಡಬೇಕು, ಹಿಂದಿನ ರಾತ್ರಿ ಇಟ್ಟರೆ ಕಾಗೆಗಳ ಪಾಲು. ನೀರಿನ ಬಾಟಲಿಯ ಮುಚ್ಚಳ ಬಿಚ್ಚಿ, ಮೇಲಿನ ಪಟ್ಟಿ ಸುಲಿದು, ತೊಳೆದು ಹಾಕಬೇಕು. ಮೂವತ್ತು ಸೆಂಟಿಮೀಟರ್ ಮೀರಿದ ವಸ್ತುವಾದರೆ ಮೊದಲು ಬುಕ್ ಮಾಡಿ, ಅಂಗಡಿಯಿಂದ ಚೀಟಿ ಕೊಂಡು ಅಂಟಿಸಬೇಕು. ಹಳೆ ಕುರ್ಚಿಯೊಂದನ್ನು ಬಿಸಾಡಲು ದುಡ್ಡು ಕೊಡುವುದು ಗುಜರಿಯವನಿಗೆ ಮಾರಿ ರೂಢಿಯಾದ ನಮಗೆ ಜೀರ್ಣವಾಗದ ಮಾತು. ತಪ್ಪು ದಿನ ತಪ್ಪು ಚೀಲ ಇಟ್ಟರೆ ಯಾರೂ ಬೈಯುವುದಿಲ್ಲ. ಏನು ತಪ್ಪಾಗಿದೆ ಎಂದು ಬರೆದ ಸ್ಟಿಕರ್ ಹೊತ್ತು ಚೀಲ ಅಲ್ಲೇ ಕುಳಿತಿರುತ್ತದೆ, ಎಲ್ಲರೂ ನೋಡುವಂತೆ.

ಇದನ್ನು ಜಪಾನೀಯರ ಹುಟ್ಟುಗುಣ, ಅವರ ರಕ್ತದಲ್ಲೇ ಶಿಸ್ತಿದೆ ಎಂದೆಲ್ಲ ಹೊಗಳುವವರಿದ್ದಾರೆ. ಇತಿಹಾಸ ಹಾಗೆ ಹೇಳುವುದಿಲ್ಲ. ಅರವತ್ತರ ದಶಕದಲ್ಲಿ ಟೋಕಿಯೋದ ಕಸದ ಬಹುಪಾಲು ಬಂದು ಬೀಳುತ್ತಿದ್ದುದು ನಿಶಿ-ಕಸಾಯ್‌ನ ನೆರೆಯ ಕೋತೊ ವಾರ್ಡಿನ ಸಮುದ್ರದಂಚಿನಲ್ಲಿ. ದಿನಕ್ಕೆ ಸಾವಿರಾರು ಲಾರಿಗಳು ಆ ವಾರ್ಡಿನ ಬೀದಿಗಳಲ್ಲಿ ಕೊಳೆನೀರು ಸುರಿಸುತ್ತ ಹಾದುಹೋಗುತ್ತಿದ್ದವು. 1965ರಲ್ಲಿ ಯುಮೆನೊಶಿಮಾ ಎಂಬ ಕಸದ ದ್ವೀಪದಿಂದ ನೊಣಗಳ ದಂಡೇ ಹೊರಟು ಸುತ್ತಲಿನ ಬಡಾವಣೆಗಳ ಮೇಲೆ ಎರಗಿತು. ಆಯಾ ವಾರ್ಡಿನ ಕಸ ಆಯಾ ವಾರ್ಡಿನಲ್ಲೇ ಸುಡಲಿ ಎಂದು ಕೋತೊ ಪಟ್ಟು ಹಿಡಿಯಿತು. ಪಶ್ಚಿಮದ ಅನುಕೂಲಸ್ಥ ಸುಗಿನಾಮಿ ವಾರ್ಡಿನ ಜನ ತಮ್ಮ ಪಕ್ಕ ಕಸ ಸುಡುವ ಕಾರ್ಖಾನೆ ಬೇಡ ಎಂದರು. 1971ರಲ್ಲಿ ಗವರ್ನರ್ ಮಿನೊಬೆ ರ್ಯೋಕಿಚಿ ‘ಕಸದ ಯುದ್ಧ’ವನ್ನೇ ಘೋಷಿಸಿದರು. ನಂತರದ ಎರಡು ವರ್ಷಗಳಲ್ಲಿ ಕೋತೊದವರು ಸುಗಿನಾಮಿಯ ಲಾರಿಗಳನ್ನು ಅಡ್ಡಗಟ್ಟಿ ವಾಪಸು ಕಳಿಸಿದರು. ಕಡೆಗೆ ಸುಗಿನಾಮಿಯಲ್ಲೂ ಕಾರ್ಖಾನೆ ಎದ್ದಿತು. ಮಂಡೂರು, ಮಾವಳ್ಳಿಪುರದ ಜನ ಬೆಂಗಳೂರಿನ ಕಸದ ಲಾರಿ ತಡೆದದ್ದನ್ನು ಕಂಡವರಿಗೆ ಈ ಕಥೆ ಹೊಸದಲ್ಲ, ಅದರ ಮುಂದಿನ ಅಧ್ಯಾಯ ಮಾತ್ರ ಹೊಸದು. ಅಂದಿನ ಕಸದ ದ್ವೀಪ ಈಗ ಉದ್ಯಾನ, 2020ರ ಒಲಿಂಪಿಕ್ಸ್‌ನ ಬಿಲ್ಲುಗಾರಿಕೆ ನಡೆದದ್ದು ಅಲ್ಲಿ. ಸ್ಟಿಕರ್ ಅಂಟಿದ ಆ ಚೀಲದ ಹಿಂದೆ ಇರುವುದು ಜಗಳವಾಡಿ ಗಳಿಸಿದ ಒಪ್ಪಂದ.

ನೆರೆಹೊರೆಯ ರೀತಿಯೂ ಹೀಗೆಯೇ ನೇರವಲ್ಲ. ಹೊಸದಾಗಿ ಬಂದವರು ಅಕ್ಕಪಕ್ಕದ, ಮೇಲಿನ ಕೆಳಗಿನ ಮನೆಗಳಿಗೆ ಹೋಗಿ ಚಿಕ್ಕದೊಂದು ಟವೆಲ್ಲೋ ಸೋಪಿನ ಪುಡಿಯೋ ಕೊಟ್ಟು ಪರಿಚಯ ಹೇಳಿಕೊಳ್ಳುವುದು ಹಳೆಯ ಪದ್ಧತಿ. ಟೋಕಿಯೋದ ಅಪಾರ್ಟ್‌ಮೆಂಟುಗಳಲ್ಲಿ ಅದು ಕಡಿಮೆಯಾಗುತ್ತ ಬಂದಿದೆ. ಆದರೂ ಮಕ್ಕಳಿರುವವರು ಮಾಡಿದರೆ ಒಳ್ಳೆಯದು, ಮಗು ಓಡಾಡಿದ ಸದ್ದಿಗೆ ಕೆಳಗಿನವರ ತಾಳ್ಮೆ ಒಂದಿಷ್ಟು ಹೆಚ್ಚುತ್ತದೆ. ದೂರು ಬಾಗಿಲಿಗೆ ಬರುವುದಿಲ್ಲ, ಲಿಫ್ಟಿನ ಗೋಡೆಗೆ ಬರುತ್ತದೆ: ರಾತ್ರಿ ಹತ್ತರ ನಂತರ ಸದ್ದು ಮಾಡಬಾರದೆಂದು ಎಲ್ಲ ನಿವಾಸಿಗಳಲ್ಲಿ ವಿನಂತಿ ಎಂದು. ‘ಎಲ್ಲ ನಿವಾಸಿಗಳು’ ಎಂದರೆ ಯಾರು ಎಂದು ತಿಳಿಯಲು ಒಂದು ಚಳಿಗಾಲ ಬೇಕು. ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆಯ ಘಾಟು ಮೊಗಸಾಲೆಯವರೆಗೂ ಹಬ್ಬುವ ಕಟ್ಟಡಗಳಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕದೆ ಬಾಣಲೆ ಇಡಬೇಡಿ ಎಂದು ಹಳಬರು ಹೊಸಬರಿಗೆ ಹೇಳಿಕೊಡುವುದು ಸುಮ್ಮನೆ ಅಲ್ಲ.

ಊಟದ ಕಷ್ಟ ಸಸ್ಯಾಹಾರಿಗಳಿಗೇ ಹೆಚ್ಚು. ಮಾಂಸ ಬೇಡ ಎಂದರೆ ಮೀನು ಬರಬಹುದು, ಮೀನೂ ಬೇಡ ಎಂದರೆ ಒಣಮೀನಿನ ದಾಶಿ ಸಾರು ಉಳಿದಿರುತ್ತದೆ. ನೂಡಲ್ಸಿನ ಬಟ್ಟಲಿನಲ್ಲಿ, ಬದನೆಕಾಯಿಯ ಪಲ್ಯದಲ್ಲಿ, ಸೊಪ್ಪಿನ ಮೇಲೆ, ಎಲ್ಲೆಲ್ಲೂ ದಾಶಿ. ಭಾರತದಂತೆ ಪೊಟ್ಟಣದ ಮೇಲೆ ಹಸಿರು ಚುಕ್ಕಿ ಇಲ್ಲ. ಮೊಟ್ಟೆ, ಹಾಲು, ಗೋಧಿ, ಕಡಲೆಕಾಯಿ, ಸೀಗಡಿ ಮುಂತಾದ ಅಲರ್ಜಿಯ ಪದಾರ್ಥಗಳನ್ನು ನಮೂದಿಸುವುದು ಕಡ್ಡಾಯ, ಹಂದಿಯ ಕೊಬ್ಬು ಆ ಪಟ್ಟಿಯಲ್ಲಿಲ್ಲ. ಹಂದಿ, ಕೋಳಿ, ಮೀನಿನ ಕಾಂಜಿ ಅಕ್ಷರಗಳನ್ನು ಮೊದಲ ವಾರವೇ ಕಲಿತವರು ಬದುಕಿಕೊಳ್ಳುತ್ತಾರೆ. ಸಾದಾ ಮೊಸರು ಎಲ್ಲೆಡೆ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಅದಕ್ಕೆ ಕಲಸಲು ಬೇಕಾದ ಅನ್ನ ಮಾತ್ರ ದುಬಾರಿ. ಹೊರಗಿನ ಅಕ್ಕಿಯನ್ನು ಖಾಸಗಿಯಾಗಿ ತರಿಸಿದರೆ ಕಿಲೋಗೆ 341 ಯೆನ್ ಸುಂಕ ಹಾಕಿ ಜಪಾನ್ ತನ್ನ ರೈತರನ್ನು ಕಾಯುತ್ತದೆ. ಅಂಟಂಟಾದ ಜಪಾನಿ ಅಕ್ಕಿಯಲ್ಲಿ ಬಿಸಿಬೇಳೆಬಾತ್ ಸೊಗಸಾಗಿ ಆಗುತ್ತದೆ, ಚಿತ್ರಾನ್ನ ಆಗುವುದಿಲ್ಲ.

ರೈಲಿನ ಬಗ್ಗೆ ಬೇಕಾದಷ್ಟು ಮಂದಿ ಬರೆದಿದ್ದಾರೆ, ನಾನು ಒಂದೇ ಸಂಗತಿ ಹೇಳುತ್ತೇನೆ. ನಿಶಿ-ಕಸಾಯ್‌ನವರು ಹತ್ತುವ ತೋಝಾಯ್ ಮಾರ್ಗದ ಬೆಳಗಿನ ದಟ್ಟಣೆ 2019ರಲ್ಲಿ ಶೇ 199ಕ್ಕೆ ಮುಟ್ಟಿ ದೇಶದಲ್ಲೇ ಮೊದಲ ಸ್ಥಾನದಲ್ಲಿತ್ತು. ಶೇ 200 ಎಂದರೇನು ಎಂಬುದಕ್ಕೆ ಜಪಾನಿನ ಸಾರಿಗೆ ಸಚಿವಾಲಯ ಒಂದು ಅಳತೆ ಕೊಟ್ಟಿದೆ. ಮೈಗೆ ಮೈ ತಾಗಿ ಸಾಕಷ್ಟು ಒತ್ತಡವಿದ್ದರೂ ಹೇಗೋ ಮಾಡಿ ವಾರಪತ್ರಿಕೆ ಓದಬಹುದಾದ ಸ್ಥಿತಿಯಂತೆ. ವಾರಪತ್ರಿಕೆಗೆ ಇಂಥ ಸರ್ಕಾರಿ ಮನ್ನಣೆ ಬೇರೆಲ್ಲೂ ಸಿಕ್ಕಿರಲಾರದು.

ನೌಕರಿ ಮಾಡುವವರು ಹೇಗೋ ಕಚೇರಿಯ ಬಳಗದಲ್ಲಿ ಸೇರಿಹೋಗುತ್ತಾರೆ. ಜೊತೆಗೆ ಬಂದ ಸಂಗಾತಿಯ ಪಾಡು ಬೇರೆ. ಅವಲಂಬಿತರ ವೀಸಾದಲ್ಲಿ ಬಂದವರು ಪ್ರತ್ಯೇಕ ಅನುಮತಿ ಪಡೆದು ವಾರಕ್ಕೆ 28 ಗಂಟೆಯವರೆಗೆ ಮಾತ್ರ ದುಡಿಯಬಹುದು. ಬೆಂಗಳೂರಿನಲ್ಲಿ ಕೈತುಂಬ ಸಂಬಳದ ಕೆಲಸ ಬಿಟ್ಟು ಬಂದು, ಇಲ್ಲಿ ಓದಲಾಗದ ಬಿಲ್ಲುಗಳ ಮುಂದೆ ದಿನವಿಡೀ ಕೂರುವ ಹೆಣ್ಣುಮಕ್ಕಳ ಬಗ್ಗೆ ಕಂಪನಿಗಳ ಸ್ವಾಗತ ಕೈಪಿಡಿಗಳು ಏನನ್ನೂ ಹೇಳುವುದಿಲ್ಲ. ಸ್ಥಳೀಯ ಸ್ವಯಂಸೇವಕರು ಅತಿ ಕಡಿಮೆ ಶುಲ್ಕಕ್ಕೆ ನಡೆಸುವ ಜಪಾನಿ ತರಗತಿಗಳೇ ಅವರಿಗೆ ಮೊದಲ ಅಂಗಳ. ಅಲ್ಲಿ ಕಲಿಸುವವರು ಹೆಚ್ಚಾಗಿ ನಿವೃತ್ತರು. ವ್ಯಾಕರಣ ನಿಧಾನವಾದರೂ ಯಾವ ಡಾಕ್ಟರ್ ಒಳ್ಳೆಯವರು, ಯಾವ ಅಂಗಡಿಯಲ್ಲಿ ಸಂಜೆ ಏಳರ ಮೇಲೆ ತರಕಾರಿ ಅಗ್ಗ ಎಂಬುದು ಬೇಗ ಗೊತ್ತಾಗುತ್ತದೆ.

ಡಾಕ್ಟರ್ ವಿಷಯಕ್ಕೆ ಬಂದರೆ, 1961ರಿಂದ ಇಲ್ಲಿ ಎಲ್ಲರಿಗೂ ಆರೋಗ್ಯ ವಿಮೆ ಇದೆ, ಕಾನೂನುಬದ್ಧ ವಿದೇಶಿ ನಿವಾಸಿಗಳೂ ಇದಕ್ಕೆ ಸೇರಲೇಬೇಕು. ವೆಚ್ಚದ ಶೇ 30 ರೋಗಿಯದು, ಉಳಿದದ್ದು ವಿಮೆಯದು. ಟೋಕಿಯೋದ 23 ವಾರ್ಡ್‌ಗಳಲ್ಲಿ 2023ರಿಂದ ಹೈಸ್ಕೂಲು ಮುಗಿಯುವ ವಯಸ್ಸಿನವರೆಗೆ ಮಕ್ಕಳಿಗೆ ಚಿಕಿತ್ಸೆ ಉಚಿತ. ದೊಡ್ಡ ಆಸ್ಪತ್ರೆಗೆ ನೇರವಾಗಿ ಹೋಗುವ ನಮ್ಮ ಅಭ್ಯಾಸಕ್ಕೆ ಮಾತ್ರ ದಂಡವಿದೆ. ಬಡಾವಣೆಯ ಕ್ಲಿನಿಕ್ಕಿನಿಂದ ಪತ್ರ ತರದಿದ್ದರೆ ಮೊದಲ ಭೇಟಿಗೆ ಕನಿಷ್ಠ 7,000 ಯೆನ್ ಹೆಚ್ಚುವರಿ.

ನಿಜವಾದ ಆಘಾತ ಬರುವುದು ಎರಡನೆಯ ವರ್ಷದ ಜೂನ್‌ನಲ್ಲಿ. ನಿವಾಸ ತೆರಿಗೆ ಸುಮಾರು ಶೇ 10. ಅದನ್ನು ಲೆಕ್ಕಹಾಕುವುದು ಹಿಂದಿನ ವರ್ಷದ ಆದಾಯದ ಮೇಲೆ. ಹೀಗಾಗಿ ಬಂದ ವರ್ಷ ಅದು ಕಾಣಿಸಿಕೊಳ್ಳುವುದೇ ಇಲ್ಲ. ಸಂಬಳ ಇಷ್ಟು ಉಳಿಯುತ್ತದೆ ಎಂದು ಲೆಕ್ಕಹಾಕಿ ಊರಲ್ಲಿ ಸೈಟಿಗೆ ಕಂತು ಕಟ್ಟಲು ಒಪ್ಪಿಕೊಂಡ ಮೇಲೆ, ಮುಂದಿನ ಜೂನ್‌ನಲ್ಲಿ ಕೈಗೆ ಬರುವ ಮೊತ್ತ ದಿಢೀರನೆ ಕುಗ್ಗುತ್ತದೆ. ಜನವರಿ 1ರಂದು ಜಪಾನಿನಲ್ಲಿದ್ದವರಿಗೆ ಆ ತೆರಿಗೆ ಬಿದ್ದೇ ಬೀಳುತ್ತದೆ. ಫೆಬ್ರುವರಿಯಲ್ಲಿ ಗಂಟುಮೂಟೆ ಕಟ್ಟಿದರೂ ಬಾಕಿ ಬೆನ್ನಟ್ಟುತ್ತದೆ. ಭಾರತದ ಕಂಪನಿಯೇ ಕಳಿಸಿದ ನೌಕರರಾದರೆ ಒಂದು ಸಮಾಧಾನವಿದೆ: ಎರಡು ದೇಶಗಳ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಮೇಲೆ ಐದು ವರ್ಷದವರೆಗೆ ಎರಡೂ ಕಡೆ ಪಿಂಚಣಿ ಕಂತು ಕಟ್ಟಬೇಕಿಲ್ಲ, ಒಂದೇ ಕಡೆ ಸಾಕು. 2022ರ ನಂತರ ಯೆನ್ ಕುಸಿದಿರುವುದರಿಂದ ಊರಿಗೆ ಕಳಿಸುವವರ ಲೆಕ್ಕ ಇನ್ನಷ್ಟು ಬಿಗಿಯಾಗಿದೆ.

ಭೂಕಂಪಕ್ಕೆ ಹೊಸಬರು ಹೆದರುತ್ತಾರೆ, ಎದೊಗಾವಾದಲ್ಲಿ ಹೆದರಬೇಕಾದದ್ದು ನೀರಿಗೂ ಹೌದು. 1923ರ ಮಹಾ ಭೂಕಂಪದ ನೆನಪಿಗೆ ಪ್ರತಿ ಸೆಪ್ಟೆಂಬರ್ 1ರಂದು ಎಲ್ಲೆಡೆ ಅಣಕು ಕವಾಯತು ನಡೆಯುತ್ತದೆ. 2015ರಲ್ಲಿ ಟೋಕಿಯೋ ಆಡಳಿತ ಪ್ರತಿ ಮನೆಗೂ ಹಳದಿ ಬಣ್ಣದ ವಿಪತ್ತು ಕೈಪಿಡಿಯನ್ನು ಹಂಚಿತು. ನೆಲ ನಡುಗುವ ಕೆಲವು ಕ್ಷಣ ಮುಂಚೆ ಊರಿನ ಫೋನುಗಳೆಲ್ಲ ಒಟ್ಟಿಗೆ ಕಿರುಚಿಕೊಳ್ಳುತ್ತವೆ. ಒಂದೆರಡು ಸಲ ಆದ ಮೇಲೆ ಮೇಜಿನ ಕೆಳಗೆ ನುಸುಳುವುದು ಅಭ್ಯಾಸವಾಗುತ್ತದೆ. ನೀರಿನ ಮಾತು ಬೇರೆ. ಎದೊಗಾವಾ ವಾರ್ಡಿನ ಸುಮಾರು ಶೇ 70ರಷ್ಟು ನೆಲ ಭರತದ ವೇಳೆ ಸಮುದ್ರಮಟ್ಟಕ್ಕಿಂತ ಕೆಳಗಿರುತ್ತದೆ. 2019ರಲ್ಲಿ ವಾರ್ಡ್ ಕಚೇರಿ ಹಂಚಿದ ಪ್ರವಾಹ ನಕ್ಷೆಯ ಮುಖಪುಟದಲ್ಲಿ ತನ್ನದೇ ಪ್ರದೇಶವನ್ನು ತೋರಿಸಿ, ಇಲ್ಲಿ ಇರಬೇಡಿ ಎಂದು ನೇರವಾಗಿ ಅಚ್ಚು ಹಾಕಿತ್ತು. ಯಾವ ಸ್ಥಳೀಯ ಸಂಸ್ಥೆ ತನ್ನ ನಿವಾಸಿಗಳಿಗೆ ಹೀಗೆ ಹೇಳೀತು! ಅದೇ ಅಕ್ಟೋಬರ್‌ನಲ್ಲಿ ಹಗಿಬಿಸ್ ಚಂಡಮಾರುತ ಬಂದಾಗ ವಾರ್ಡಿನ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ಮನೆ ಬಿಡುವಂತೆ ಸೂಚನೆ ಹೋಯಿತು. ಜಾಮೀನು ಕೇಳದ ಆ ಮನೆಗಳು ನಿಂತಿರುವುದು ಇಂಥ ವಾರ್ಡಿನಲ್ಲಿ. ಬಾಡಿಗೆ ನೋಡುವಾಗ ಎಷ್ಟನೇ ಮಹಡಿ ಎಂದು ಕೇಳುವುದನ್ನು ಮರೆಯಬಾರದು.

ಹೀಗೆ ವರ್ಷಗಳು ಉರುಳಿದ ಮೇಲೆ ಕೆಲವರು ಕಾಯಂ ವಾಸಕ್ಕೆ ಅರ್ಜಿ ಹಾಕುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಹತ್ತು ವರ್ಷದ ವಾಸ ಬೇಕು. ಓದು, ಸಂಬಳ, ವಯಸ್ಸು ಸೇರಿಸಿ 70 ಅಂಕ ಗಳಿಸಿದ ಪರಿಣತರಿಗೆ ಮೂರು ವರ್ಷ, 80 ಅಂಕದವರಿಗೆ ಒಂದೇ ವರ್ಷ ಸಾಕೆಂಬ ನಿಯಮ 2017ರಲ್ಲಿ ಬಂತು. ನಮ್ಮ ಐಟಿ ನೌಕರರಲ್ಲಿ ಅನೇಕರು ಈ ದಾರಿ ಹಿಡಿಯುತ್ತಾರೆ. ತೆರಿಗೆ ಕಟ್ಟಿದ ರಸೀದಿ, ಪಿಂಚಣಿ, ವಿಮೆಯ ದಾಖಲೆ ಎಲ್ಲ ಜೋಡಿಸಿಕೊಂಡು ಹೋದರೆ ಕಡತದಲ್ಲಿ ಇನ್ನೊಂದು ಹಾಳೆ ಇರುತ್ತದೆ. ಅದು ಜಪಾನ್ ಪ್ರಜೆಯಾಗಿರುವ, ಇಲ್ಲವೇ ಈಗಾಗಲೇ ಕಾಯಂ ವಾಸದ ಹಕ್ಕು ಪಡೆದಿರುವ ಒಬ್ಬರ ಜಾಮೀನು. ಇದರಲ್ಲಿ ಹಣದ ಹೊಣೆಯಿಲ್ಲ, ಕಾನೂನಿನ ಬಲವಂತವೂ ಇಲ್ಲ, ಇರುವುದು ನೈತಿಕ ಹೊಣೆ ಮಾತ್ರ. ಕಚೇರಿಯ ಜಪಾನೀ ಮೇಲಧಿಕಾರಿಯನ್ನು ಕೇಳಲು ಸಂಕೋಚಪಡುವವರು ಈಗ ದೂರ ಹೋಗಬೇಕಿಲ್ಲ. ನಿಶಿ-ಕಸಾಯ್‌ನ ಅದೇ ದಾಂಚಿಯಲ್ಲಿ, ಎರಡು ಮಹಡಿ ಮೇಲೋ ಕೆಳಗೋ, ಹಿಂದೆ ಜಾಮೀನಿಲ್ಲದೆ ಮನೆ ಹಿಡಿದು ಈಗ ಸಹಿ ಹಾಕುವ ಅರ್ಹತೆ ಗಳಿಸಿರುವವರು ಸಿಗುತ್ತಾರೆ. ಭಾನುವಾರ ಮಧ್ಯಾಹ್ನ ಕಾಫಿಗೆ ಹೋಗಿ, ಬರುವಾಗ ಹಾಳೆ ತುಂಬಿಸಿಕೊಂಡು ಬಂದರಾಯಿತು.